ಪದಕಗಳ ಸಾಕ್ಷ್ಯ
(ಬಸ್ತಿಹಳ್ಳಿಯ ಸಭೆಯಲ್ಲಿ ಮಾಡಿದ ಉಪನ್ಯಾಸ)



ವಿಜಯದ ಸ್ಮಾರಕಗಳನ್ನು ಕುರಿತು ಮಾತನಾಡುವುದಕ್ಕೆ ಈ ಬಸ್ತಿಹಳ್ಳಿಗಿಂತ ತಕ್ಕ ಸ್ಥಳವು ಕನ್ನಡ ನಾಡಿನಲ್ಲಿ ಬೇರೊಂದು ದೊರೆಯುವುದು ಕಷ್ಟ. ಇಲ್ಲಿಯ ಪಾರ್ಶ್ವನಾಥ ಬಸದಿಯು ೧೧೩೩ರಲ್ಲಿ ಪ್ರತಿಷ್ಠೆಯಾಯಿತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಕಾಲವಾದ ಮೇಲೆ ಅವನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ ಇದನ್ನು ಕಟ್ಟಿಸಿ, ತಂದೆಯ ಬಿರುದನ್ನೇ ಇಟ್ಟು ದ್ರೋಹಘರಟ್ಟ ಜಿನಾಲಯವೆಂದು ಕರೆದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಒಯ್ದಾಗ, ಆತನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ಅದೇ ಸಮಯದಲ್ಲಿ ಅವನಿಗೆ ಗಂಡುಮಗುವೂ ಹುಟ್ಟಿತ್ತು. ಈ ಎರಡು ಸಂತೋಷಗಳಿಗೂ ಈ ಪ್ರತಿಷ್ಠೆಯ ಪುಣ್ಯವೇ ಕಾರಣವೆಂದು ಬಗೆದು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಇಲ್ಲಿಯ ಶಾಸನವು ಹೇಳುತ್ತದೆ.

ಒಂದು ಗೆಲುವು, ಒಂದು ಮರಣ, ಒಂದು ಜನನ, ಮೂರೂ ಒಂದೇ ಕಲ್ಲಿನಲ್ಲಿ ಸೇರಿವೆ. ಕಟ್ಟಿಸಿದವರಾರು, ಯಾರ ನೆನಪಿಗೆ ಕಟ್ಟಿಸಿದರು, ಯಾವ ವರ್ಷದಲ್ಲಿ, ಎಂಬುದೆಲ್ಲವೂ ಅದರಲ್ಲಿದೆ. ರಾಜ್ಯಗಳು ತಮ್ಮ ಗೆಲುವನ್ನು ಮುಂದಿನವರಿಗೆ ಹೇಗೆ ತಿಳಿಸಬಯಸುತ್ತವೆ ಎಂಬ ವಿಷಯವನ್ನು ಇಂದು ನಾವು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದರಲ್ಲಿಯೂ ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಬಿಲ್ಲೆಗಳನ್ನು, ಎಂದರೆ ಸ್ಮಾರಕ ಪದಕಗಳನ್ನು ಕುರಿತು ಹೇಳಬಯಸುತ್ತೇವೆ. ಇವು ಕನ್ನಡ ನಾಡಿನ ಮೇಲೆಯೇ ಹೊಡೆಯಿಸಿದ ಪದಕಗಳು. ಆದರೆ ನಮ್ಮ ಶಾಲೆಗಳಲ್ಲಿ ಇವುಗಳ ಮಾತು ಬರುವುದೇ ಅಪರೂಪ.

ವಕೀಲಿವೃತ್ತಿಯವರಾದ ನಮಗೆ ಪದಕವೆಂದರೆ ಒಬ್ಬ ಸಾಕ್ಷಿ. ಸಾಕ್ಷಿಯು ಹೇಳಿದ್ದನ್ನೆಲ್ಲ ನಂಬಬಾರದು. ಹಾಗೆಂದು ಅವನನ್ನು ಹೊರಗಟ್ಟಲೂಬಾರದು. ಪಾಟೀಸವಾಲಿಗೆ ಗುರಿಮಾಡಬೇಕು. ನಿನ್ನನ್ನು ಹೊಡೆಯಿಸಿದವರಾರು? ಯಾವಾಗ ಹೊಡೆಯಿಸಿದರು? ಯಾರ ಕೊರಳಿಗೆ ಹಾಕಿದರು? ಕಂಡೂ ಹೇಳದೆ ಬಿಟ್ಟದ್ದೇನು? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸುಳ್ಳು ಹೇಳುವ ಸಾಕ್ಷಿಯಿಂದಲೂ ನಿಜವು ಹೊರಬೀಳುತ್ತದೆ.

ಮೊದಲು ನಮ್ಮ ಮನೆಯ ಸಾಕ್ಷಿಯನ್ನೇ ಕರೆಯೋಣ. ಅನ್ಯರನ್ನು ಮಾತ್ರ ಪ್ರಶ್ನಿಸುವುದು ನ್ಯಾಯವಲ್ಲ. ವಿಷ್ಣುವರ್ಧನನ ಚಿನ್ನದ ನಾಣ್ಯಗಳನ್ನು ತಾವು ಚಿತ್ರಗಳಲ್ಲಾದರೂ ನೋಡಿರಬಹುದು. ಒಂದು ಮಗ್ಗುಲಲ್ಲಿ ಸಿಂಹ. ಇನ್ನೊಂದು ಮಗ್ಗುಲಲ್ಲಿ ಮೂರು ಸಾಲುಗಳ ಕನ್ನಡ ಬರಹ. ಒಂದರಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ಮತ್ತೊಂದರಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ಇವು ಚಲಾವಣೆಯ ನಾಣ್ಯಗಳಾದರೂ ಕೆಲಸದಲ್ಲಿ ಪದಕಗಳೇ ಸರಿ. ಕೈಯಿಂದ ಕೈಗೆ ಹೋದಂತೆಲ್ಲ ದೊರೆಯ ಗೆಲುವನ್ನು ಸಂತೆಸಂತೆಗೂ ಸಾರಿದವು. ಚೋಳರ ಕೈಯಲ್ಲಿದ್ದ ತಲಕಾಡನ್ನು ಹೊಯ್ಸಳರು ೧೧೧೬ರ ಸುಮಾರಿಗೆ ಗೆದ್ದದ್ದು ಕನ್ನಡ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಪಾಟೀಸವಾಲನ್ನು ಬಿಡುವಂತಿಲ್ಲ. ತಲಕಾಡಿನಲ್ಲಿ ಚೋಳರ ಸಾಮಂತನನ್ನು ಸೋಲಿಸಿದ ದಂಡಿನ ಮುಂದಾಳು ಗಂಗರಾಜನು. ನಾಣ್ಯದಲ್ಲಿ ಅವನ ಹೆಸರಿಲ್ಲ. ತಲಕಾಡನ್ನು ‘ಕೊಂಡ’ವನು ದೊರೆಯೊಬ್ಬನೇ. ಗಂಗರಾಜನ ಹೆಸರನ್ನು ತಿಳಿಯಬೇಕಾದರೆ ಶ್ರವಣಬೆಳಗೊಳದ ಶಾಸನಗಳಿಗೂ ಈ ಬಸ್ತಿಹಳ್ಳಿಯ ಕಲ್ಲಿಗೂ ಬರಬೇಕು. ಎರಡನೆಯದಾಗಿ, ನೊಳಂಬವಾಡಿಯು ಪರರ ನಾಡೇನೂ ಅಲ್ಲ. ಕನ್ನಡವಾಡುವ ಜನರ ನಾಡೇ. ಅದನ್ನು ಗೆದ್ದುಕೊಂಡದ್ದನ್ನು ಚಿನ್ನದಲ್ಲಿ ಹೊಡೆಯಿಸಿದಾಗ ಒಬ್ಬ ಕನ್ನಡಿಗನು ಇನ್ನೊಬ್ಬ ಕನ್ನಡಿಗನ ಸೋಲನ್ನು ಮೆರೆಸಿದಂತಾಯಿತು. ನಾಣ್ಯವು ನಮ್ಮ ಲಿಪಿಯಲ್ಲಿದೆ ಎಂಬ ಅಭಿಮಾನದಿಂದ ಈ ಮಾತನ್ನು ಮುಚ್ಚಿಡಬಾರದು.

ಆದರೂ ನಮ್ಮ ಹಿರಿಯರು ನೆನಪನ್ನು ದೊರೆಯೊಬ್ಬನಿಗೇ ಮೀಸಲಿಡಲಿಲ್ಲ. ಊರೂರಿನ ಬಾಗಿಲಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಮಡಿದವನು, ಇಂಥವರ ಹೆಸರು ಕಲ್ಲಿನ ಮೇಲೆ ನಿಂತಿದೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ಮದ್ದೂರಿನ ಸೀಮೆಯ ಆತಕೂರಿನ ಶಾಸನವನ್ನು ನೋಡಿರಿ. ಸುಮಾರು ೯೪೯ರಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಮೆಚ್ಚಿದ ಒಡೆಯನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲನ್ನು ನಿಲ್ಲಿಸಿದರು. ನಾಯಿಯ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದ ನಾಡಿದು. ಮುಂದೆ ಹೇಳುವ ಪದಕಗಳನ್ನು ತೂಗುವಾಗ ಈ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಇನ್ನು ಕುಂಪಣಿ ಸರಕಾರದ ಪದಕಗಳಿಗೆ ಬರೋಣ. ಟೀಪೂ ಸುಲ್ತಾನನೊಡನೆ ನಡೆದ ೧೭೯೦–೯೨ರ ಯುದ್ಧವು ಮುಗಿದ ಮೇಲೆ, ತನ್ನ ಪರವಾಗಿ ಕಾದಿದ ಹಿಂದೀ ಸೈನಿಕರಿಗಾಗಿ ಕುಂಪಣಿಯು ಒಂದು ಪದಕವನ್ನು ಹೊಡೆಯಿಸಿತು. ಅದರ ಮೇಲಿರುವವನು ಗೌರ್ನರನಲ್ಲ, ಸೇನಾಪತಿಯಲ್ಲ, ಒಬ್ಬ ಸಿಪಾಯಿ. ಒಂದು ಕೈಯಲ್ಲಿ ಬ್ರಿಟಿಷರ ಬಾವುಟ, ಇನ್ನೊಂದರಲ್ಲಿ ಸೋತವರ ಬಾವುಟ, ಕಾಲಡಿಯಲ್ಲಿ ಉರುಳಿಸಿದ ತೋಪು, ಹಿಂದೆ ಕೋಟೆಯ ನೋಟ. ಮತ್ತೊಂದು ಮಗ್ಗುಲಲ್ಲಿ ‘ಮೈಸೂರಿನಲ್ಲಿ ಸಲ್ಲಿಸಿದ ಸೇವೆಗಾಗಿ, ೧೭೯೧–೧೭೯೨’ ಎಂಬರ್ಥದ ಇಂಗ್ಲಿಷ್ ಬರಹ, ಅದರೊಡನೆ ಪಾರಸಿ ಬರಹ.

ಚಿತ್ರವು ಸಿಪಾಯಿಗೆ ಮಹಾಗೌರವವನ್ನು ಕೊಟ್ಟಂತೆ ತೋರುವುದು. ಆದರೆ ಇದರ ಮರ್ಮವೇನು? ದೇಶವನ್ನು ಗೆದ್ದವನು ದೇಶೀಯನೇ ಎಂದು ದೇಶೀಯನಿಗೇ ತೋರಿಸುವ ಯುಕ್ತಿಯದು. ೧೭೯೨ರ ಒಪ್ಪಂದದಿಂದ ಟೀಪುವಿನ ರಾಜ್ಯದ ಅರ್ಧ ಭಾಗವು ಕುಂಪಣಿಗೂ ನಿಜಾಮನಿಗೂ ಮರಾಟರಿಗೂ ಹಂಚಿಹೋಯಿತು; ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡ ಬಿದ್ದಿತು; ಇಬ್ಬರು ರಾಜಕುಮಾರರು ಒತ್ತೆಯಾಳುಗಳಾದರು. ಹಣವೂ ನೆಲವೂ ಹೋದದ್ದು ಬೇರೆಯವರಿಗೆ. ಸಿಪಾಯಿಯ ಪಾಲಿಗೆ ಬಂದದ್ದು ತನ್ನದೇ ಚಿತ್ರವಿರುವ ಬಿಲ್ಲೆ.

ಎರಡನೆಯದು ಪ್ರಸಿದ್ಧವಾದ ಶ್ರೀರಂಗಪಟ್ಟಣದ ಪದಕ. ೧೭೯೯ನೆಯ ಮೇ ೪ರಂದು ಕೋಟೆ ಬಿದ್ದು ಟೀಪೂ ಸುಲ್ತಾನನು ಹೋರಾಡುತ್ತ ಮಡಿದನು. ಇದರ ಅಚ್ಚನ್ನು ಕುಚ್ಲರನೆಂಬ ಶಿಲ್ಪಿಯು ಕೊರೆದನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಸೋಹೋ ಟಂಕಸಾಲೆಯಲ್ಲಿ ಪದಕಗಳು ಸಿದ್ಧವಾದವು. ಸೈನಿಕರ ಕೈಗೆ ಬಂದದ್ದು ೧೮೦೮ರಲ್ಲಿ. ಗೆದ್ದವರು ಯೋಚಿಸಿ ಬರೆಯಿಸಿದ ಸಾಕ್ಷ್ಯವಿದು.

ಒಂದು ಮಗ್ಗುಲಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೆಟ್ಟಿದೆ. ಸಿಂಹವು ಬ್ರಿಟನ್ನು, ಹುಲಿಯು ಮೈಸೂರು. ಟೀಪುವು ಹುಲಿಯನ್ನು ತನ್ನ ಲಾಂಛನವಾಗಿ ಮಾಡಿಕೊಂಡಿದ್ದುದು ಎಲ್ಲರಿಗೂ ತಿಳಿದಿದೆ. ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಸಿಂಹದ ಮೇಲಣ ಬಾವುಟದಲ್ಲಿ ‘ದೇವರ ಸಿಂಹವೇ ಜಯಶಾಲಿ’ ಎಂಬರ್ಥದ ಅರಬ್ಬೀ ಮಾತನ್ನು ಬರೆದಿದ್ದಾರೆ. ಈ ಮಾತು ಬ್ರಿಟಿಷರದಲ್ಲ, ಟೀಪುವಿನದೇ. ಹುಲಿಮೊಗದ ಆಕಾರದಲ್ಲಿ ಅಕ್ಷರಗಳನ್ನು ಹೆಣೆದು ಆತನು ತನ್ನ ಆಯುಧಗಳ ಮೇಲೆ ಬರೆಯಿಸುತ್ತಿದ್ದ ಮಂತ್ರವದು. ಸತ್ತವನ ನೆಲವನ್ನಲ್ಲದೆ ಅವನ ಬಾಯಿಯ ಮಾತನ್ನೂ ಕಿತ್ತುಕೊಂಡು ತಮ್ಮ ಸಿಂಹದ ಬಾಯಿಗೆ ಇಟ್ಟರು. ಆಡಳಿತದಲ್ಲಿ ಟೀಪುವನ್ನು ಮೆಚ್ಚುವವರೂ ಉಂಟು, ಮೆಚ್ಚದವರೂ ಉಂಟು. ಕೊಡಗಿನಲ್ಲಿಯೂ ಕರಾವಳಿಯಲ್ಲಿಯೂ ಅವನ ಹೆಸರು ನೋವನ್ನು ತರುವುದೂ ಉಂಟು. ಆ ವಾದವನ್ನು ನಾವು ಇಲ್ಲಿ ತೀರ್ಮಾನಿಸಹೊರಟಿಲ್ಲ. ಗೆದ್ದವನು ಸೋತವನ ನುಡಿಯನ್ನು ಹೇಗೆ ಬಳಸುತ್ತಾನೆಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ಇನ್ನೊಂದು ಮಗ್ಗುಲಲ್ಲಿ ಕೋಟೆಯ ಬಿರುಕಿಗೆ ನುಗ್ಗುತ್ತಿರುವ ದಂಡು. ಮೇಲೆ ನಡುಹಗಲ ಸೂರ್ಯ, ಏಕೆಂದರೆ ಲಗ್ಗೆಯು ಮಧ್ಯಾಹ್ನದಲ್ಲಿ ನಡೆಯಿತು. ಕೆಳಗೆ ಪಾರಸಿಯಲ್ಲಿ ಕೋಟೆಯು ದೇವರು ಕೊಟ್ಟ ವರವೆಂದು ಬರೆದು ಹಿಜರಿ ೧೨೧೩ರ ತಿಥಿಯನ್ನು ಕೊಟ್ಟಿದ್ದಾರೆ. ತೋಪುಗಳಿಂದ ಒಡೆದ ಕೋಟೆಯನ್ನು ದೇವರು ಕೊಟ್ಟನೆಂದು ಬರೆದುಬಿಟ್ಟರೆ, ಯಾವ ಹಕ್ಕಿನಿಂದ ತೆಗೆದುಕೊಂಡಿರಿ ಎಂಬ ಪ್ರಶ್ನೆಗೇ ಎಡೆಯಿಲ್ಲವಾಯಿತು!

ಈ ಪದಕವನ್ನು ಐದು ತರಗತಿಗಳಲ್ಲಿ ಹಂಚಿದರು: ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚಿನ ಬಣ್ಣದ ತಾಮ್ರ, ಕೊನೆಗೆ ತವರ. ಮೇಲಿನ ಅಧಿಕಾರಿಗೆ ಚಿನ್ನ. ಸಾಮಾನ್ಯ ಸೈನಿಕನಿಗೆ ತವರ. ಚಿತ್ರವು ಎಲ್ಲದರಲ್ಲಿಯೂ ಒಂದೇ. ಲಗ್ಗೆಯಲ್ಲಿ ಮುಂದೆ ನುಗ್ಗಿದವನ ಎದೆಗೆ ಅಗ್ಗದ ಲೋಹ. ಇನ್ನೊಂದು ಮಾತು: ಪದಕಗಳ ಮೇಲೆ ಪಡೆದವನ ಹೆಸರನ್ನು ಕೊರೆಯಿಸಿರಲಿಲ್ಲ. ಕಾಳಿಯೆಂಬ ನಾಯಿಗೆ ಆತಕೂರಿನಲ್ಲಿ ದೊರೆತ ಮರ್ಯಾದೆಯು ಶ್ರೀರಂಗಪಟ್ಟಣದ ಸಿಪಾಯಿಗೆ ದೊರೆಯಲಿಲ್ಲ.

ಈಗ ಕೊನೆಯ ಪ್ರಶ್ನೆ: ಈ ಸಾಕ್ಷಿಯು ಕಂಡೂ ಹೇಳದೆ ಬಿಟ್ಟದ್ದೇನು? ಸಿಂಹವು ಹುಲಿಯನ್ನು ಮೆಟ್ಟಿದ್ದನ್ನು ತೋರಿಸಿದರು. ಮೆಟ್ಟಿದ ಮೇಲೆ ತುಂಡರಿಸಿದ್ದನ್ನು ತೋರಿಸಲಿಲ್ಲ. ಅದೇ ೧೭೯೯ರಲ್ಲಿ ಕನ್ನಡ ಜಿಲ್ಲೆಯೆಂದು ಹೆಸರಾದ ಕರಾವಳಿಯು ಕುಂಪಣಿಯ ಪಾಲಾಗಿ ಮದರಾಸಿಗೆ ಸೇರಿತು. ನಿಜಾಮನಿಗೆ ಬಂದಿದ್ದ ಬಳ್ಳಾರಿಯ ಸೀಮೆಯು ೧೮೦೦ರಲ್ಲಿ ಕುಂಪಣಿಗೆ ದಾಟಿತು. ಉಳಿದ ಭಾಗವನ್ನು ಮೈಸೂರು ಸಂಸ್ಥಾನವೆಂದು ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟರು. ಪೇಶ್ವೆಯ ಆಳಿಕೆಯು ೧೮೧೮ರಲ್ಲಿ ಮುಗಿದಾಗ ಧಾರವಾಡ ಬೆಳಗಾವಿಗಳ ಕಡೆಯು ಕುಂಪಣಿಯ ಕೈಗೆ ಬಂದು ಕ್ರಮೇಣ ಮುಂಬಯಿಯ ಆಡಳಿತಕ್ಕೆ ಸೇರಿತು. ಬೀದರ, ಗುಲಬರ್ಗಾ, ರಾಯಚೂರುಗಳು ನಿಜಾಮನಲ್ಲಿ ಉಳಿದವು. ೧೮೩೪ರಲ್ಲಿ ಕೊಡಗು ಬೇರೆ ತುಂಡಾಯಿತು. ಕರಾವಳಿಯನ್ನೇ ಎರಡಾಗಿ ಕತ್ತರಿಸಿ ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟರು. ಕನ್ನಡಿಗನು ಒಂದೊಂದು ಕಡೆಯಲ್ಲಿ ಒಂದೊಂದು ಭಾಷೆಯ ಕಚೇರಿಗೆ ಅರ್ಜಿ ಕೊಡುವಂತಾದದ್ದು ಹೀಗೆ. ಇದಾವುದಕ್ಕೂ ಪದಕವಿಲ್ಲ, ಲಗ್ಗೆಗೆ ಪದಕವುಂಟು, ಹಂಚಿಕೆಗೆ ಇಲ್ಲ. ಆದುದರಿಂದ ಶ್ರೀರಂಗಪಟ್ಟಣದ ಪದಕವನ್ನು ಮಕ್ಕಳಿಗೆ ತೋರಿಸುವ ಉಪಾಧ್ಯಾಯರು ಅದರ ಪಕ್ಕದಲ್ಲಿ ಹರಿದುಹೋದ ಕನ್ನಡ ನಾಡಿನ ನಕ್ಷೆಯನ್ನೂ ಇಡತಕ್ಕದ್ದು.

ಮೂರನೆಯ ಪದಕವು ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುತ್ತದೆ, ಏಕೆಂದರೆ ಅದರ ಮೇಲೆ ಕನ್ನಡ ಅಕ್ಷರಗಳಿವೆ. ಕೊಡಗು ಕುಂಪಣಿಯ ವಶವಾದ ಮೇಲೆ ಘಟ್ಟದ ಕೆಳಗಣ ಅಮರ ಸುಳ್ಯ, ಪುತ್ತೂರುಗಳ ಕಡೆಯ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತನು ನಗದು ತರಬೇಕಾಯಿತು. ೧೮೩೭ರ ಏಪ್ರಿಲಿನಲ್ಲಿ ಆ ಪ್ರಾಂತವು ಎದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೂಡಿದ ಜನರು, ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ ಘಟ್ಟದ ಕೆಳಗಿನಿಂದ ಹೊರಟು ಮಂಗಳೂರನ್ನೇ ಹಿಡಿದರು. ಸುಮಾರು ಎರಡು ವಾರ ಆ ಪಟ್ಟಣವು ಅವರ ಕೈಯಲ್ಲಿದ್ದಿತು. ಬಳಿಕ ದಂಡು ಬಂದು ದಂಗೆಯು ಮುರಿಯಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ ೩೧ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ದಂಗೆಯನ್ನಡಗಿಸಲು ನೆರವಾದ ಕೊಡಗಿನವರಿಗೆ ಕುಂಪಣಿಯು ಚಿನ್ನ ಬೆಳ್ಳಿಗಳ ಪದಕಗಳನ್ನು ಕೊಟ್ಟಿತು. ಒಂದು ಮಗ್ಗುಲಲ್ಲಿ ಕೊಡವ ಯೋಧನು ಎಡಗೈಯಲ್ಲಿ ಕೋವಿಯನ್ನು ಹಿಡಿದು ಬಲಗೈಯಲ್ಲಿ ಕತ್ತಿಯನ್ನು ಎತ್ತಿ ನಿಂತಿದ್ದಾನೆ. ಸುತ್ತಲೂ ಕನ್ನಡ ಬರಹ: ೧೮೩೭ರ ಏಪ್ರಿಲ್ ಮೇ ತಿಂಗಳುಗಳಲ್ಲಿ ದಂಗೆಯನ್ನು ಅಡಗಿಸುವುದರಲ್ಲಿ ಕುಂಪಣಿ ಸರಕಾರಕ್ಕೆ ತೋರಿದ ನಿಷ್ಠೆಗಾಗಿ ಕೊಟ್ಟ ಮೆಚ್ಚಿಕೆಯ ಗುರುತು ಎಂಬುದು ಅದರ ಭಾವ. ಹಿಂಬದಿಯ ಇಂಗ್ಲಿಷ್ ಬರಹದಲ್ಲಿ ಬ್ರಿಟಿಷ್ ಸರಕಾರಕ್ಕೆ ತೋರಿದ ವಿಶೇಷ ನಡತೆ ಮತ್ತು ನಿಷ್ಠೆಗಾಗಿ ಎಂದು ಮಾತ್ರ ಇದೆ. ದಂಗೆಯ ಮಾತೇ ಇಲ್ಲ. ಇಂಗ್ಲಿಷ್ ಓದುವವನಿಗೆ ನಿಷ್ಠೆಯು ಕಾಣಬೇಕು. ಕನ್ನಡ ಓದುವವನಿಗೆ ಎದ್ದವರ ಗತಿಯೂ ನೆನಪಾಗಬೇಕು. ಒಂದೇ ಬಿಲ್ಲೆಯು ಎರಡು ಭಾಷೆಯವರಿಗೆ ಎರಡು ಮಾತು ಹೇಳುವುದನ್ನು ಸಾಕ್ಷಿಕಟ್ಟೆಯಲ್ಲಿ ಕಂಡರೆ ಯಾವ ನ್ಯಾಯಾಧೀಶನು ಸುಮ್ಮನಿರುವನು?

ಪದಕ ಪಡೆದವರನ್ನು ಇಂದು ದ್ರೋಹಿಗಳೆಂದು ಜರೆಯುವುದು ಸುಲಭ. ಆದರೆ ಆ ಸುಲಭದ ದಾರಿಯು ತಪ್ಪು. ಕಾದಿದವರೂ ಅಡಗಿಸಿದವರೂ ಒಂದೇ ನಾಡಿನ ಮಕ್ಕಳು. ಮೂರು ವರ್ಷಗಳ ಹಿಂದೆ ಒಂದೇ ಅರಸನ ಪ್ರಜೆಗಳಾಗಿದ್ದವರು. ನಡುವೆ ಗಡಿಯ ಗೆರೆಯನ್ನೆಳೆದು ಮೇಲಿನವರಿಗೆ ಪದಕವನ್ನೂ ಕೆಳಗಿನವರಿಗೆ ನೇಣನ್ನೂ ಹಂಚಿದವನು ಮೂರನೆಯವನು. ಆ ಪದಕವು ತೋರಿಸದ ಸಂಗತಿಯೆಂದರೆ ಈ ಮೂರನೆಯವನೇ. ಅದರಲ್ಲಿ ಆಂಗ್ಲನ ಮುಖವಿಲ್ಲ. ಕೊಡವನ ಮುಖವುಂಟು, ಕನ್ನಡದ ಅಕ್ಷರವುಂಟು. ಯಾರ ಮನೆಯಲ್ಲಾದರೂ ಆ ಪದಕವಿದ್ದರೆ ಅದನ್ನು ನಾಚಿಕೆಯಿಂದ ಕರಗಿಸುವುದೂ ಬೇಡ, ಹೆಮ್ಮೆಯಿಂದ ಮೆರೆಸುವುದೂ ಬೇಡ. ಗಲ್ಲಿಗೇರಿದವರ ಹೆಸರಿನೊಡನೆ ಅದನ್ನು ಜೋಪಾನವಾಗಿಡಲಿ.

ಇನ್ನು ಪದಕವೇ ಇಲ್ಲದ ಯುದ್ಧವೊಂದುಂಟು. ೧೮೦೩ರಿಂದ ೧೮೨೬ರವರೆಗಿನ ಸೇವೆಗಳಿಗಾಗಿ ೧೮೫೧ರಲ್ಲಿ ಮಂಜೂರಾದ ಹಿಂದೀ ಸೇನೆಯ ಪದಕಕ್ಕೆ ಇಪ್ಪತ್ತೊಂದು ಪಟ್ಟಿಗಳನ್ನು ಗೊತ್ತುಮಾಡಿದರು. ಅಸಾಯಿ, ಕಿರ್ಕಿ, ಪುಣೆ, ನಾಗಪುರ, ಭರತಪುರ ಮುಂತಾದ ಹೆಸರುಗಳು ಅದರಲ್ಲಿವೆ. ೧೮೨೪ರ ಕಿತ್ತೂರು ಆ ಅವಧಿಯೊಳಗೇ ಬರುತ್ತದೆ. ಪಟ್ಟಿಗಳಲ್ಲಿ ಕಿತ್ತೂರಿನ ಹೆಸರಿಲ್ಲ. ಆ ವರ್ಷದ ಅಕ್ಟೋಬರ್ ೨೩ರಂದು ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರನಾದ ಥ್ಯಾಕರೆಯನ್ನು ಕೋಟೆಯ ಬಾಗಿಲಲ್ಲಿ ಕೊಂದಿತ್ತು. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ನೇಣಿಗೆ ಹಾಕಿದರು. ಪದಕದ ಪಟ್ಟಿಯಲ್ಲಿಲ್ಲದ ಈ ಹೆಸರುಗಳನ್ನು ಉಳಿಸಿದವರು ಯಾರು? ಕಿತ್ತೂರ ಸೀಮೆಯ ಲಾವಣಿಕಾರರು. ನಂದಗಡದ ಆಲದ ಮರಕ್ಕೆ ಹರಕೆ ಹೊತ್ತ ಹೆಣ್ಣುಮಕ್ಕಳು. ಸರಕಾರದ ಟಂಕಸಾಲೆಯು ಮರೆತದ್ದನ್ನು ಜನರ ನಾಲಗೆಯು ಉಳಿಸಿತು.

ಸ್ವಾತಂತ್ರ್ಯವು ಬಂದಾಗಲೂ ಲೋಹವು ತನ್ನ ಹಳೆಯ ಚಾಳಿಯನ್ನು ಒಮ್ಮೆಗೇ ಬಿಡಲಿಲ್ಲ. ೧೯೪೭ರ ಸ್ವಾತಂತ್ರ್ಯದ ಸ್ಮರಣೆಗಾಗಿ ಸೈನಿಕರಿಗೆ ಕೊಟ್ಟ ಪದಕದಲ್ಲಿ ಒಂದು ಕಡೆ ಅಶೋಕನ ಸಿಂಹಸ್ತಂಭ, ಆಗಸ್ಟ್ ೧೫ರ ದಿನಾಂಕ. ಇನ್ನೊಂದು ಕಡೆ ಅಶೋಕಚಕ್ರ, ಅದರ ಮೇಲೆ ಕಿರೀಟ, ಸುತ್ತಲೂ ಆರನೆಯ ಜಾರ್ಜ್ ದೊರೆಯ ಹೆಸರು! ೧೯೫೦ರ ಜನವರಿ ೨೬ರವರೆಗೆ ಆತನೇ ಕಾಯಿದೆಯ ಪ್ರಕಾರ ನಮ್ಮ ದೊರೆಯಾಗಿದ್ದುದರಿಂದ ಇದು ಸುಳ್ಳಲ್ಲ. ಕಿರೀಟವಿಲ್ಲದ ನೆನಪು ಬರಲು ಕಾಲ ಹಿಡಿಯಿತು. ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷವಾದ ೧೯೭೨ರಲ್ಲಿ ಹೋರಾಟಗಾರರಿಗೆ ತಾಮ್ರಪತ್ರಗಳನ್ನು ಕೊಟ್ಟರು. ಪದಕದ ಬದಲು ತಾಮ್ರಪಟವೆಂಬ ನಮ್ಮ ಹಳೆಯ ಪದ್ಧತಿಗೆ ಮರಳಿದ್ದು ಮೆಚ್ಚತಕ್ಕ ಕೆಲಸ.

ಏಕೀಕರಣದ ಕಥೆಗೆ ಬರೋಣ. ೧೯೫೩ರಲ್ಲಿ ಬಳ್ಳಾರಿಯು ಬಂದಿತು. ೧೯೫೬ರ ನವೆಂಬರ್ ೧ರಂದು ಬಹುಭಾಗ ಕನ್ನಡ ನಾಡು ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ೧೭೯೯ರ ಪದಕವು ತೋರಿಸದ ಗಾಯವು ಮಾಯಲು ನೂರೈವತ್ತೇಳು ವರ್ಷ ಬೇಕಾದವು. ಪೂರ್ತಿ ಮಾಯಿತೆಂದು ಹೇಳುವಂತಿಲ್ಲ. ಕನ್ನಡ ಜಿಲ್ಲೆಯ ತುಂಡಾದ ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿ ಅಲ್ಲಿಯೇ ಉಳಿದಿದೆ. ನವೆಂಬರ್ ೧ರಂದು ಪದಕಗಳನ್ನು ಹಂಚಿ ಸಭೆ ಮುಗಿಸುವಾಗ ನಾವು ಅಲ್ಲಿಯ ಕನ್ನಡ ಶಾಲೆಯ ಉಪಾಧ್ಯಾಯರನ್ನೂ ನೆನೆಯಬೇಕಲ್ಲವೇ? ಇಲ್ಲದಿದ್ದರೆ ನಮ್ಮ ಪದಕಗಳೂ ಹೇಳದೆ ಬಿಡುವ ಸಾಕ್ಷಿಗಳ ಸಾಲಿಗೆ ಸೇರುವುವು.

ಕಡೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಮೂರು ಬಿನ್ನಹಗಳು. ಒಂದು: ಈ ಪದಕಗಳ ಎರಡೂ ಮಗ್ಗುಲುಗಳ ಚಿತ್ರಗಳನ್ನು ತರಗತಿಯಲ್ಲಿ ತೂಗುಹಾಕಿ, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಿರಿ. ತಾರೀಖುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದು ಮೇಲು. ಎರಡು: ತಮ್ಮ ಊರಿನ ವೀರಗಲ್ಲನ್ನು ಮಕ್ಕಳಿಗೆ ತೋರಿಸಿರಿ, ಬಟ್ಟೆ ಒಗೆಯುವ ಕಲ್ಲಾಗಿಯೋ ಸೋಪಾನವಾಗಿಯೋ ಬಿದ್ದಿದ್ದರೆ ಎತ್ತಿ ನಿಲ್ಲಿಸಿರಿ. ಮೂರು: ಸಂಘಸಂಸ್ಥೆಗಳವರು ಪದಕವನ್ನು ಹೊಡೆಯಿಸುವುದಾದರೆ ಅದರಲ್ಲಿ ಕನ್ನಡ ಬರಹವಿರಲಿ, ಪಡೆಯುವವನ ಹೆಸರಿರಲಿ, ಯಾವ ಕೆಲಸಕ್ಕೆಂಬುದು ಸ್ಪಷ್ಟವಾಗಿರಲಿ, ಒಬ್ಬನು ಇನ್ನೊಬ್ಬನನ್ನು ಮೆಟ್ಟುವ ಚಿತ್ರವಂತೂ ಬೇಡ. ಮೇಲಿನವನಿಗೆ ಚಿನ್ನ, ಕೆಳಗಿನವನಿಗೆ ತವರವೆಂಬ ಭೇದವೂ ಬೇಡ.

ಎದುರಿಗಿರುವ ಬಸದಿಯೊಳಕ್ಕೆ ಹೋದರೆ ನುಣುಪಾದ ಕಂಬಗಳಲ್ಲಿ ನೋಡುವವನ ಮುಖವೇ ಕಾಣುತ್ತದೆ. ಗಂಗರಾಜನು ತನ್ನ ಗೆಲುವಿಗೆ ಬಹುಮಾನವೇನು ಬೇಕೆಂದು ದೊರೆಯು ಕೇಳಿದಾಗ ಗ್ರಾಮವನ್ನು ಬೇಡಿ ಪಡೆದು, ಅದನ್ನು ದೇವರ ಪೂಜೆಗೆ ಬಿಟ್ಟನೆಂದು ಶಾಸನಗಳು ಹೊಗಳುತ್ತವೆ. ಗೆದ್ದದ್ದನ್ನು ಎದೆಯ ಮೇಲೆ ಧರಿಸದೆ ನಾಡಿಗೆ ಬಿಟ್ಟುಕೊಟ್ಟವನ ಹೆಸರು ಒಂಬತ್ತು ನೂರು ವರ್ಷಗಳ ಬಳಿಕವೂ ಈ ಊರಿನಲ್ಲಿ ಉಳಿದಿದೆ. ನಾಡಿನ ಸೇವೆಯಲ್ಲಿ ನಾವು ಬಯಸತಕ್ಕ ಸ್ಮಾರಕವು ಇಂಥದು.



ಸಿರಿಗನ್ನಡಂ ಗೆಲ್ಗೆ.